ಮನೆಗಾಡಿಗೆ ಸೌನಾ

"ಇನ್ನೊಂಚೂರು ಎಡಕ್ಕೆ ತಿರುಗ್ಸು. ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ."

"ನಿನ್ನ ಮುಖಾನೇ ಕಾಣ್ತಿಲ್ಲ. ನಿನ್ನ ಎಡ ಯಾವ ಕಡೆಗಿದೆ ಅಂತ ನಾನೇನು ಕನಸು ಕಾಣ್ಲಾ?"

ಮೊದಲ ಮಾತು ರೂಡಿ ಲಾಹ್ತಿಯದು, ಎರಡನೆಯದು ಅವನ ಹೆಂಡತಿ ಐಲಿಯದು. ಇಬ್ಬರ ನಡುವೆ, ಮನೆಗಾಡಿಯ ಬಾಗಿಲಲ್ಲಿ, ಒಂದು ತಗಡಿನ ಒಲೆ ಸಿಕ್ಕಿಕೊಂಡಿತ್ತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನಿಗೆ ಗಾಳ ಹಾಕಿ ಕೂರುವ ಗುಡಿಸಲಿನ ಒಲೆ ಅದು. ಜನವರಿಯಲ್ಲೂ ಮನುಷ್ಯನ ಅಂಗಿ ಬಿಚ್ಚಿಸುವ ಒಲೆ. ಒಂದು ಸಲ ಅದರ ಕಾವಿಗೆ ಸುಪೀರಿಯರ್ ಸರೋವರದ ಮಂಜುಗಡ್ಡೆಯೇ ಸುತ್ತ ಕರಗಿ ಬೇರೆಯಾಗಿ, ರೂಡಿ ಕುರ್ಚಿಯ ಸಮೇತ ತೇಲಿಕೊಂಡು ಕೆನಡಾದ ದಂಡೆ ಮುಟ್ಟಿ, ಅಲ್ಲಿ ಚಹಾ ಕುಡಿದು ವಾಪಸು ಬಂದನೆಂದು ನಮ್ಮೂರಲ್ಲಿ ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಅಲ್ಲಿ ಅವನು ಕುಡಿದದ್ದು ಕಾಫಿ.

ಮನೆಗಾಡಿಯೆಂದರೆ ಕಾರಿನ ಬೆನ್ನಿಗೆ ಕಟ್ಟಿ ಊರೂರಿಗೆ ಎಳೆದೊಯ್ಯುವ ಹಳೆಯ ಟ್ರೇಲರು. ಬ್ರೆಡ್ಡಿನಂತೆ ಉಬ್ಬಿದ ಬೆನ್ನು, ಅಲ್ಯೂಮಿನಿಯಂ ತಗಡಿನ ಮೈ, ಒಳಗೆ ಪ್ಲೈವುಡ್ಡಿನ ಗೋಡೆ, ಒಂದು ಹಾಸಿಗೆ, ಒಂದು ಮೇಜು. ಇಬ್ಬರು ಎದುರುಬದುರಾದರೆ ಒಬ್ಬರು ಉಸಿರು ಹಿಡಿದು ದಾರಿ ಬಿಡಬೇಕು. ಲಾಹ್ತಿ ದಂಪತಿಗಳು ಅದನ್ನು ಮದುವೆಯ ಹೊಸತರಲ್ಲಿ ಐಲಿಯ ಸೋದರಮಾವ ನೆಸ್ಟರನಿಂದ ಕೊಂಡಿದ್ದರು. ಕಾರ್ಖಾನೆಯಿಂದ ಹೊಸದಾಗಿ ತಂದವನೂ ಅವನೇ. ಇದರೊಳಗೆ ಒಂದು ಹನಿ ನೀರು ಬಿದ್ದಿದ್ದರೆ ನನ್ನ ಹೆಸರು ಬದಲಾಯಿಸಿ ಎಂದು ಅವನು ಚರ್ಚಿನ ಮೆಟ್ಟಿಲ ಮೇಲೆ ನಿಂತು ಆಣೆ ಮಾಡಿದ್ದ. ನೆಸ್ಟರ್ ಮಾವ ಚರ್ಚಿಗೆ ಹಿರಿಯ. ಅವನು ಪ್ರಾರ್ಥನೆಗೆ ಎದ್ದು ನಿಂತರೆ ಸಾಕ್ಷಾತ್ ದೇವರೇ ಗಡಿಯಾರ ನೋಡಿಕೊಳ್ಳುತ್ತಿದ್ದ. ಅಂಥವನ ಮಾತನ್ನು ಯಾರು ತೆಗೆದುಹಾಕುತ್ತಾರೆ? ಈಗ ಅವನು ಸ್ವರ್ಗದಲ್ಲಿದ್ದ, ಅವನ ಗಾಡಿ ಲಾಹ್ತಿಯವರ ಹಿತ್ತಲಿನಲ್ಲಿತ್ತು, ಗಾಡಿಯ ಹಿಂಗೋಡೆಗೆ ಬೆರಳಿಟ್ಟರೆ ನೆನೆದ ಬಿಸ್ಕತ್ತಿಗೆ ಇಟ್ಟ ಹಾಗೆ ಬೆರಳು ಒಳಗೆ ಹೋಗುತ್ತಿತ್ತು.

ನಮ್ಮೂರಿನ ಹಿಮದ ಬಗ್ಗೆ ಬೇರೆ ಊರಿನವರು ಹೇಳುವುದನ್ನು ನಂಬಬಾರದು. ಅವರಿಗೆ ಗೊತ್ತಿರುವುದು ಅರ್ಧ. ಅಕ್ಟೋಬರಿನಲ್ಲಿ ಶುರುವಾದರೆ ಮೇ ತಿಂಗಳವರೆಗೆ ನಾವು ಚಿಮಣಿಯಿಂದ ಇಳಿದು ಮನೆ ಸೇರುವವರು. ಅಂಚೆಯವನು ಮರದ ತುದಿಗೆ ಕಾಗದ ಸಿಕ್ಕಿಸಿ ಹೋಗುತ್ತಾನೆ. ಇಂಥ ಹಿಮವನ್ನು ರಸ್ತೆಯಿಂದ ಆಚೆ ದೂಡುವ ಸರ್ಕಾರಿ ಲಾರಿಯನ್ನು ಓಡಿಸುತ್ತಿದ್ದವನು ರೂಡಿ. ಕೆಲಸಕ್ಕೆ ಸೇರಿದಂದಿನಿಂದ ಬಿಡುವವರೆಗೆ ಅವನ ಲಾರಿಯ ಮುಂದಿನ, ಹಿಮ ದೂಡುವ ಕಬ್ಬಿಣದ ಹಲಗೆ ಯಾರ ಬೇಲಿಯನ್ನೂ ಸವರಿರಲಿಲ್ಲ. ಮನಸ್ಸು ಮಾಡಿದ್ದರೆ ಅದರಿಂದ ಮಲಗಿದ ಬೆಕ್ಕಿನ ಮೀಸೆಯನ್ನು ಬೆಕ್ಕಿಗೆ ಎಚ್ಚರವಾಗದಂತೆ ಬೋಳಿಸುತ್ತಿದ್ದ. ರಾತ್ರಿಯಿಡೀ ಲಾರಿ, ಹಗಲಿಡೀ ನಿದ್ದೆ. ಐಲಿ ಹಗಲಿಡೀ ಶಾಲೆಯ ಅಡುಗೆಮನೆಯಲ್ಲಿ. ಗಂಡಹೆಂಡತಿ ಇಬ್ಬರೂ ಎಚ್ಚರವಾಗಿ ಒಂದೇ ಕೋಣೆಯಲ್ಲಿದ್ದ ಹೊತ್ತನ್ನೆಲ್ಲ ಕೂಡಿಸಿದರೆ ಒಂದು ಸಾಧಾರಣ ಮಧುಚಂದ್ರಕ್ಕೂ ಸಾಲದು. ಆ ದಾಂಪತ್ಯ ಗಟ್ಟಿಯಾಗಿ ಉಳಿದದ್ದೇ ಅದರಿಂದ ಎನ್ನುವವರು ನಮ್ಮಲ್ಲಿದ್ದಾರೆ.

ಈಗ ಇಬ್ಬರಿಗೂ ನಿವೃತ್ತಿಯಾಗಿತ್ತು. ರೂಡಿ ಬೆಳಗಿನಿಂದ ಸಂಜೆಯವರೆಗೆ ಐಲಿಯ ಹಿಂದೆ ಹಿಂದೆ ಓಡಾಡುತ್ತ, ಡಬ್ಬಿಗಳನ್ನು ಯಾಕೆ ಹೀಗೆ ಜೋಡಿಸಿದ್ದೀಯ, ಈ ಚಾಕುವಿನಲ್ಲಿ ಆಲೂಗಡ್ಡೆ ಯಾಕೆ ಹೆಚ್ಚುತ್ತೀಯ ಎಂದು ಕೇಳತೊಡಗಿದ್ದ. ಚಳಿಗಾಲ ಕಳೆಯುವಷ್ಟರಲ್ಲಿ ಐಲಿಗೆ ಸಾಕಾಗಿತ್ತು. ಡುಲೂತ್ ಪಟ್ಟಣದಲ್ಲಿದ್ದ ಅಕ್ಕ ಸೈಮಾ ವಿಧವೆ. ಅವಳ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಐಲಿ ಏನನ್ನೂ ಮುಚ್ಚಿಡದೆ ಗಂಡನಿಗೆ ಹೇಳಿದ್ದಳು.

"ಬೇಸಿಗೆಗೆ ಗಾಡಿ ರಿಪೇರಿ ಮಾಡೋಣ ಅಂದ್ಯಲ್ಲ, ಮಾಡೋಣ. ಜೊತೇಲೇ ಮಾಡೋಣ. ಆ ಡಬ್ಬೀಲಿ ನಿನ್ನ ಜೊತೆ ಕೆಲ್ಸ ಮಾಡಕ್ಕಾದ್ರೆ ಎಲ್ಲಿ ಬೇಕಾದ್ರೂ ಬದುಕ್ಬೋದು. ಆಗ್ಲಿಲ್ಲ ಅಂದ್ರೆ ಜೂನ್ ಹಬ್ಬದ ದಿನ ಸೈಮಾ ಕಾರು ತರ್ತಾಳೆ. ನಾನು ಹೋಗ್ತೀನಿ."

"ಎಷ್ಟು ದಿನಕ್ಕೆ?"

"ಹೋದ್ಮೇಲೆ ನೋಡ್ಬೇಕು."

ಜೂನಿನ ನಡುವಿನಲ್ಲಿ ನಾವು ಸರೋವರದ ದಂಡೆಯಲ್ಲಿ ದೊಡ್ಡ ಬೆಂಕಿ ಹಾಕಿ ಹಬ್ಬ ಮಾಡುತ್ತೇವೆ. ಅದಕ್ಕೆ ಇನ್ನು ಕೆಲವೇ ವಾರಗಳಿದ್ದವು. ಆದ್ದರಿಂದಲೇ ರೂಡಿ ಅಡ್ಡದಾರಿ ಹುಡುಕಿದ್ದು. ತಿಳಿದವರು ಈ ಗಾಡಿಗಳನ್ನು ಹೊರಗಿನ ತಗಡು ಬಿಚ್ಚಿ, ಒಂದೊಂದೇ ಮರ ಬದಲಿಸಿ ನಿಧಾನಕ್ಕೆ ಸರಿಮಾಡುತ್ತಾರೆ. ರೂಡಿಗೆ ಅಷ್ಟು ವ್ಯವಧಾನವಿರಲಿಲ್ಲ. ಜೊತೆಗೆ ಅವನು ನಮ್ಮವನು, ಅಂದರೆ ಫಿನ್ಲೆಂಡಿನಿಂದ ಬಂದವರ ಮೊಮ್ಮಗ. ನಮ್ಮಲ್ಲಿ ಪ್ರತಿ ಮನೆಯ ಹಿಂದೆಯೂ ಒಂದು ಸೌನಾ ಇರುತ್ತದೆ: ಪುಟ್ಟ ಮರದ ಕೋಣೆ, ಮೂಲೆಯಲ್ಲಿ ಕಲ್ಲು ಹೇರಿದ ಒಲೆ, ಬೆವರುತ್ತ ಕೂರಲು ಹಲಗೆ. ನೆಗಡಿಯಾದರೆ ಸೌನಾ, ಕಾಲು ಉಳುಕಿದರೆ ಸೌನಾ, ತಂದೆ ಸತ್ತರೆ ಮಣ್ಣು ಮಾಡಿ ಬಂದು ಸೌನಾ. ರೂಡಿಯ ಅಜ್ಜ ಕೆಟ್ಟುಹೋದ ಟ್ರ್ಯಾಕ್ಟರಿನ ಎಂಜಿನ್ನನ್ನು ಬಿಚ್ಚಿ ತಂದು ಸೌನಾದಲ್ಲಿ ಕೂರಿಸಿದ್ದ. ಅದು ಮಾರನೆಯ ದಿನ ಸ್ಟಾರ್ಟ್ ಆದದ್ದಷ್ಟೇ ಅಲ್ಲ, ಆಮೇಲೆ ಪ್ರತಿ ಶನಿವಾರ ಸಂಜೆ ತಾನಾಗಿಯೇ ಸೌನಾದ ಕಡೆಗೆ ತಿರುಗುತ್ತಿತ್ತು. ಒದ್ದೆಯಾದ ಗಾಡಿಗೆ ಸೌನಾ ಕೊಟ್ಟರೆ ಮರವೆಲ್ಲ ಒಣಗಿ ಗಟ್ಟಿಯಾಗುತ್ತದೆ, ಮೇಲೊಂದು ಕೈ ಬಣ್ಣ ಹೊಡೆದರೆ ಮುಗಿಯಿತು ಎಂಬುದು ಅವನ ಲೆಕ್ಕ.

ಒಲೆ ಕೊನೆಗೂ ಒಳಗೆ ಬಂತು. ಹೊಗೆಕೊಳವೆಯನ್ನು ಎಲ್ಲಿಂದ ಹೊರಗೆ ಬಿಡುವುದು? ರೂಡಿ ಚಾವಣಿಯ ನಡುವಿನ ಗಾಳಿಕಿಂಡಿಯನ್ನು ತೋರಿಸಿದ. ಐಲಿ ತಲೆಯೆತ್ತಿ ಆ ಕಿಂಡಿಯನ್ನು ನೋಡಿ, ಬೇಗನೆ ಕಣ್ಣು ತಗ್ಗಿಸಿದಳು.

ಆ ಕಿಂಡಿಯ ವಿಷಯ ಅವಳೊಬ್ಬಳಿಗೇ ಗೊತ್ತಿತ್ತು. ರೂಡಿ ಹಗಲು ಮಲಗುತ್ತಿದ್ದ ಕಾಲದಲ್ಲಿ, ಶಾಲೆಗೆ ರಜೆಯಿದ್ದ ದಿನ ಮನೆಯಲ್ಲಿ ಒಂದು ಚಮಚವನ್ನೂ ಸದ್ದಾಗುವಂತೆ ಇಡುವ ಹಾಗಿರಲಿಲ್ಲ. ಅವಳು ರೇಡಿಯೋ ಹಿಡಿದುಕೊಂಡು ಬಂದು ಗಾಡಿಯಲ್ಲಿ ಕೂತು, ಚರ್ಚಿನ ಹೆಂಗಸರು ಯಾರೂ ಕಾಣದಂತೆ ಒಂದು ಸಿಗರೇಟು ಸೇದುತ್ತಿದ್ದಳು. ಹೊಗೆ ಹೋಗಲೆಂದು ಕಿಂಡಿ ತೆರೆಯುತ್ತಿದ್ದಳು. ಒಂದು ವರ್ಷ ಶರತ್ಕಾಲದ ಕೊನೆಗೆ ಅದನ್ನು ಮುಚ್ಚುವುದನ್ನು ಮರೆತಳು. ಇಡೀ ಚಳಿಗಾಲದ ಹಿಮ ಹಾಸಿಗೆಯ ಮೇಲೆ ಕೂತಿತ್ತು. ಏಪ್ರಿಲಿನಲ್ಲಿ ಅವಳು ಅದನ್ನು ಬೋಗುಣಿಯಲ್ಲಿ ಬಾಚಿ ಹೊರಗೆ ಸುರಿದಿದ್ದಳು, ರೂಡಿ ಏಳುವ ಮೊದಲು. ಒಂದು ಸಲ ಅಡಿಹಿಡಿದ ಹಂದಿಮಾಂಸದ ಸುದ್ದಿಯನ್ನು ಪ್ರತಿ ಕ್ರಿಸ್‌ಮಸ್ಸಿಗೂ ಎತ್ತುವ ಗಂಡ, ಇದು ಗೊತ್ತಾದರೆ ಸಮಾಧಿಯ ಕಲ್ಲಿನ ಮೇಲೂ ಕೆತ್ತಿಸುತ್ತಾನೆಂದು ಅವಳಿಗೆ ಅನುಮಾನವಿರಲಿಲ್ಲ. ಗೋಡೆ ಕೊಳೆತದ್ದು ತನ್ನಿಂದಲೇ ಎಂದು ಅವಳು ನಂಬಿದ್ದಳು.

"ಏನು ನೋಡ್ತಿದ್ದೆ?" ಎಂದ ರೂಡಿ.

"ಏನಿಲ್ಲ. ಜೇಡ."

ರೂಡಿ ಬರ್ಚ್ ಮರದ ಸೌದೆ ತುಂಬಿ ಬೆಂಕಿ ಹಚ್ಚಿದ. ಕಿಟಕಿಗಳನ್ನೆಲ್ಲ ಬಿಗಿಯಾಗಿ ಹಾಕಿದ. ಸೌನಾದಲ್ಲಿ ಯಾರಾದರೂ ಕಿಟಕಿ ತೆರೆಯುತ್ತಾರೆಯೇ? ಮೊದಲ ದಿನ ಗಾಡಿ ಬೆವರಿತು. ಕಿಟಕಿಗಾಜಿನ ಮೇಲೆ ನೀರು ಧಾರೆಧಾರೆಯಾಗಿ ಇಳಿಯಿತು. ಆ ನೀರನ್ನು ಹಿಡಿದಿಟ್ಟಿದ್ದರೆ ಇನ್ನೊಂದು ಸರೋವರವಾಗುತ್ತಿತ್ತು. ರೂಡಿ ಎದೆಯುಬ್ಬಿಸಿಕೊಂಡು ಸುತ್ತ ತಿರುಗಿದ. ಎರಡನೆಯ ದಿನ, ಶನಿವಾರ ಮಧ್ಯಾಹ್ನ, ಗಾಡಿಯೊಳಗಿಂದ ಮೊದಲು ಒಂದು ಟಕ್ ಸದ್ದು, ಆಮೇಲೆ ಹಲವು, ಆಮೇಲೆ ಬಂದೂಕಿನ ಮದ್ದಿಗೆ ಬೆಂಕಿ ಬಿದ್ದಂತೆ ಟಪಟಪನೆ ಸದ್ದು ಬಂತು. ಇಬ್ಬರೂ ಓಡಿಬಂದು ಬಾಗಿಲು ತೆರೆದರು.

ಪ್ಲೈವುಡ್ಡಿನ ಹಳೆಯ ಅಂಟು ಕಾವಿಗೆ ಬಿಟ್ಟುಕೊಂಡಿತ್ತು. ಗೋಡೆಗಳು ಪದರಪದರವಾಗಿ ಎದ್ದು, ಬಿಸಿಲಿಗಿಟ್ಟ ಹಪ್ಪಳದಂತೆ ಮುರುಟಿಕೊಂಡು ಒಳಮುಖವಾಗಿ ಬಾಗಿದ್ದವು. ಅವರು ನೋಡುತ್ತಿದ್ದಂತೆಯೇ ಹಾಸಿಗೆಯ ಮೇಲಿನ ಕಪಾಟು, ಯಾರೋ ಸುಸ್ತಾಗಿ ಕೂತಂತೆ, ಮೆಲ್ಲಗೆ ಕೆಳಕ್ಕೆ ಕೂತಿತು.

ರೂಡಿ ಮುರುಟಿದ ಒಂದು ಪದರವನ್ನು ಬೆರಳಿನಿಂದ ಒತ್ತಿ ಕೂರಿಸಲು ನೋಡಿದ.

"ಸ್ವಲ್ಪ ಜಾಸ್ತಿ ಒಣಗ್ತು," ಎಂದ ರೂಡಿ.

ಐಲಿ ಕೈಗವುಸು ಕಳಚಿ ಹುಲ್ಲಿನ ಮೇಲೆ ಹಾಕಿದಳು. "ಸೈಮಾಗೆ ಫೋನ್ ಮಾಡ್ತೀನಿ. ಹಬ್ಬದವರೆಗೆ ಯಾಕೆ ಕಾಯೋದು."

ರೂಡಿ ಬೆಂಕಿಗೆ ನೀರು ಸುರಿದ. ಹೊಗೆಯೊಳಗಿಂದಲೇ ಹೇಳಿದ, "ಇವತ್ತು ಶನಿವಾರ ಕಣೇ. ನಮ್ಮ ಸೌನಾಗೂ ಬೆಂಕಿ ಹಾಕಿದೀನಿ. ಅದು ಆಗ್ಲಿ. ಆಮೇಲೆ ಬೇಕಾದ್ರೆ ಮಾಡು."

ಸೌನಾದ ಒಳಗೆ ನಮ್ಮವರು ಜಗಳವಾಡುವುದಿಲ್ಲ. ಚರ್ಚಿನಲ್ಲಿ ಬೇಕಾದರೆ ಆಡುತ್ತೇವೆ, ಒಮ್ಮೆ ಬೆಂಚುಗಳನ್ನೂ ಎತ್ತಿದ್ದೇವೆ. ಸೌನಾದಲ್ಲಿ ದನಿಯೇರಿಸಿದವನು ನಮ್ಮೂರಲ್ಲಿ ಹುಟ್ಟಿಲ್ಲ. ಅದು ಐಲಿಗೂ ಗೊತ್ತಿತ್ತು. ಮೇಲಿನ ಹಲಗೆಯ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು, ರೂಡಿ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿ, ಆವಿ ಎದ್ದು ಇಬ್ಬರ ಕಿವಿಯನ್ನೂ ಕಚ್ಚಿದ ಮೇಲೆ, ಹೋಗುವವಳು ಹೇಗೂ ಹೋಗುತ್ತೇನೆ, ಹೇಳಿಯೇ ಹೋಗೋಣ ಎಂದು ಅವಳು ನಿರ್ಧರಿಸಿದಳು. ಇಲ್ಲಿ ಹೇಳಿದರೆ ಅವನಿಂದ ಕಿರುಚಲಿಕ್ಕಂತೂ ಆಗುವುದಿಲ್ಲ.

"ಗಾಡಿ ಮೇಲಿನ ಕಿಂಡಿ ನಾನೇ ತೆರೆದು ಬಿಟ್ಟಿದ್ದೆ," ಎಂದಳು. "ಚಳಿಗಾಲ ಪೂರ್ತಿ. ಸಿಗರೇಟು ಸೇದಕ್ಕೆ ಹೋಗಿದ್ದೆ."

ರೂಡಿ ಸೌಟನ್ನು ಬಕೆಟ್ಟಿನಲ್ಲಿ ಇಟ್ಟ. ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಯಾವ ವರ್ಷ?" ಎಂದು ಪಿಸುಗುಟ್ಟಿದ.

"ನಿನ್ನ ಮೊಣಕಾಲು ಆಪರೇಷನ್ ಆಯ್ತಲ್ಲ, ಆ ವರ್ಷ."

"ಆಪರೇಷನ್ ಆದ್ಮೇಲೋ, ಮುಂಚೇನೋ?"

"ಅದ್ಯಾಕೆ ಬೇಕು ನಿಂಗೆ?"

ರೂಡಿ ಮತ್ತೊಂದು ಸೌಟು ನೀರು ಹಾಕಿದ. ಕಲ್ಲುಗಳು ಬುಸುಗುಟ್ಟಿದವು. "ಯಾಕಂದ್ರೆ ಅದಕ್ಕೂ ಮುಂಚೆ ನಾನೇ ಗಾಡಿ ಮೇಲಿನ ತಗಡು ಹರಿದಿದ್ದೆ."

ಐಲಿ ಅವನ ಕಡೆಗೆ ತಿರುಗಿದಳು.

"ಮೇಲಿನ ಹಿಮ ತೆಗೆಯಕ್ಕೆ ಕಬ್ಬಿಣದ ಸಲಿಕೆ ತಗೋಬೇಡ ಅಂದಿದ್ದೆ ನೀನು," ಎಂದು ರೂಡಿ ಕಾಲಬೆರಳು ನೋಡುತ್ತ ಹೇಳಿದ. "ತಗೊಂಡೆ. ಹಿಂದುಗಡೆ ಮೂಲೇಲಿ ಜೋಡಣೆ ಬಾಯಿಬಿಡ್ತು. ಇಷ್ಟುದ್ದ. ಡಾಂಬರು ಮೆತ್ತಿ ಸುಮ್ನಾದೆ. ಪ್ರತಿ ವರ್ಷ ಮೆತ್ತುತಾನೇ ಬಂದೆ. ಇಡೀ ಜಿಲ್ಲೇಲಿ ಒಂದು ಬೇಲಿ ಮುಟ್ಟದೋನು ನಮ್ಮನೆ ಗಾಡೀನೇ ಸೀಳಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಎಲ್ಲಾರ ಹತ್ರಾನೂ ಹೇಳ್ಕೊಂಡು ತಿರುಗ್ತಿದ್ಯಲ್ಲೋ, ಬೆಕ್ಕಿನ ಮೀಸೆ ಬೋಳಿಸ್ತೀನಿ ಅಂತ."

"ಅದು ಲಾರಿ. ಇದು ಸಲಿಕೆ."

ಐಲಿಯ ಭುಜ ಅಲುಗಿತು. ಅಳುತ್ತಿದ್ದಾಳೆಂದು ರೂಡಿ ಹೆದರಿದ. ಅವಳು ಬಾಯಿಗೆ ಟವೆಲು ಒತ್ತಿ ನಗುತ್ತಿದ್ದಳು.

"ಆದ್ರೂ ಕೊಳೆತಿದ್ದು ನನ್ನಿಂದ್ಲೇ," ಎಂದಳು, ನಗು ತಡೆದು. "ನಿಂದು ಒಂದು ಸೀಳು. ನಂದು ಹಾಸಿಗೆ ತುಂಬ ಹಿಮ, ಬೋಗುಣೀಲಿ ಬಾಚಿ ಹಾಕ್ದೆ."

"ಹಿಮ ಬಾಚಿ ಹಾಕಿದ್ಯಲ್ಲ, ಹೋಯ್ತು. ನನ್ನ ಸೀಳಲ್ಲಿ ವರ್ಷಾನುಗಟ್ಟಲೆ ನೀರು ಇಳಿದಿದೆ. ನಂದೇ ಜಾಸ್ತಿ."

"ಸರಿ, ಇದ್ರಲ್ಲೂ ನೀನೇ ಫಸ್ಟು."

ಹೀಗೆ ಅವರು, ಬೆಂದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿ, ಪಿಸುದನಿಯಲ್ಲಿ, ಗಾಡಿಯನ್ನು ಹಾಳುಮಾಡಿದ್ದರಲ್ಲಿ ಯಾರ ಪಾಲು ದೊಡ್ಡದೆಂದು ವಾದ ಮಾಡಿದರು. ಒಲೆಯ ಸೌದೆ ಮುಗಿದರೂ ವಾದ ಮುಗಿಯಲಿಲ್ಲ. ಆ ಸಂಜೆ ಐಲಿ ಫೋನಿನ ಹತ್ತಿರ ಹೋದಳು. ಅದರ ಧೂಳು ಒರೆಸಿ ವಾಪಸು ಬಂದಳು.

ಸೋಮವಾರ ಬೆಳಿಗ್ಗೆ ಅವರು ತಿಳಿದವರು ಮಾಡುವ ಹಾಗೆ ಹೊರಗಿನಿಂದ ಶುರುಮಾಡಿದರು. ರೂಡಿ ಅಂಚಿನ ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿದ, ಐಲಿ ಅವನ್ನು ಜಾಮಿನ ಖಾಲಿ ಬಾಟಲಿಗೆ ಹಾಕಿದಳು. ಹಿಂದಿನ ಮೂಲೆಯ ತಗಡನ್ನು ಇಬ್ಬರೂ ಎರಡು ತುದಿ ಹಿಡಿದು, ಗಾಯದ ಪಟ್ಟಿ ಎತ್ತುವಂತೆ ಮೆಲ್ಲಗೆ ಎತ್ತಿದರು. ಒಳಗಿನ ಮರ ಮರವಾಗಿ ಉಳಿದಿರಲಿಲ್ಲ. ಕಾಫಿಪುಡಿಯಾಗಿ ಬೊಗಸೆಗೆ ಉದುರಿತು. ರೂಡಿಯ ಮುಖ ಇಳಿಯಿತು. ತನ್ನ ಸಲಿಕೆಯ ಸೀಳು ನೇರ ಅದರ ಮೇಲೆಯೇ ಇತ್ತು.

"ಇದೇನಿದು?" ಎಂದು ಐಲಿ ಪುಡಿಯೊಳಗೆ ಕೈ ಹಾಕಿದಳು.

ಕೊಳೆತ ಮರದ ಪಕ್ಕಕ್ಕೆ ಯಾರೋ ತೆಳ್ಳಗಿನ ಹಲಗೆಯ ತುಂಡುಗಳನ್ನು ಊರುಗೋಲಿನಂತೆ ಹೊಡೆದು ಕೂರಿಸಿದ್ದರು. ಸಂದಿಗೆ ಗೋಣಿಚೀಲ ತುರುಕಿ ಮೇಲೆ ಡಾಂಬರು ಮೆತ್ತಿದ್ದರು. ಡಾಂಬರು ಎಷ್ಟು ಹಳೆಯದೆಂದರೆ ಉಗುರು ತಾಗಿದರೆ ಗಾಜಿನಂತೆ ಒಡೆಯುತ್ತಿತ್ತು. ಐಲಿ ಒಂದು ಹಲಗೆಯನ್ನು ಕಿತ್ತು ಲಂಗಕ್ಕೆ ಉಜ್ಜಿ ಬೆಳಕಿಗೆ ಹಿಡಿದಳು. ಮರ ಸುಟ್ಟು ಒತ್ತಿದ ಹಸುವಿನ ಮುದ್ರೆ ಅದರ ಮೇಲಿತ್ತು. ನಮ್ಮೂರ ಸಹಕಾರಿ ಡೈರಿಯ ಬೆಣ್ಣೆಪೆಟ್ಟಿಗೆಯ ಹಲಗೆ. ಆ ಡೈರಿ ಸುಟ್ಟು ಬೂದಿಯಾದಾಗ ಐಲಿ ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಬೆಣ್ಣೆ ಕರಗಿ ರಸ್ತೆಯಲ್ಲಿ ಹರಿದು, ಊರಿನ ನಾಯಿಗಳೆಲ್ಲ ಒಂದು ವಾರ ಜಾರುತ್ತಲೇ ಓಡಾಡಿದ್ದವು.

"ನಾವು ಗಾಡಿ ತಗೊಂಡಿದ್ದು ಮದುವೆ ಆದ್ಮೇಲೆ," ಎಂದಳು ಐಲಿ ನಿಧಾನವಾಗಿ.

ರೂಡಿ ಹಲಗೆಗೆ ಹೊಡೆದಿದ್ದ ಮೊಳೆಗಳನ್ನು ನೋಡುತ್ತಿದ್ದ. ಒಂದೂ ನೆಟ್ಟಗಿರಲಿಲ್ಲ. ಎಲ್ಲವೂ ಒಮ್ಮೆ ಬಳಸಿ, ಕಿತ್ತು, ಸುತ್ತಿಗೆಯಲ್ಲಿ ಕುಟ್ಟಿ ನೇರಮಾಡಿದ ಮೊಳೆಗಳು. ಹೊಸ ಮೊಳೆ ಕೊಳ್ಳುವುದು ಪಾಪವೆಂದು ತಿಳಿದಿದ್ದ ಮನುಷ್ಯ ಈ ಸೀಮೆಯಲ್ಲಿ ಒಬ್ಬನೇ ಇದ್ದ. ಅವನ ಶವಪೆಟ್ಟಿಗೆಗೆ ಹೊಸ ಮೊಳೆ ಹೊಡೆದಾಗ ಒಳಗಿಂದ ಕೆಮ್ಮಿದ ಸದ್ದು ಬಂತೆಂದು ಹೇಳುವವರಿದ್ದಾರೆ.

"ನೆಸ್ಟರ್ ಮಾವ," ಎಂದ ರೂಡಿ.

"ನೆಸ್ಟರ್ ಮಾವ," ಎಂದಳು ಐಲಿ.

"ಒಂದು ಹನಿ ಬಿದ್ದಿಲ್ಲ ಅಂದಿದ್ದ."

"ಚರ್ಚಿನ ಮೆಟ್ಟಿಲ ಮೇಲೆ ನಿಂತು."

"ಒಂದು ಹನಿ ಅಲ್ವಲ್ಲ ಬಿದ್ದಿದ್ದು. ಸುಳ್ಳು ಹೇಳಿಲ್ಲ ಪುಣ್ಯಾತ್ಮ."

ಐಲಿ ಹುಲ್ಲಿನ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಅವಳ ನಗು ಮೂರು ಹೊಲದಾಚೆಗೆ ಕೇಳಿಸಿತು. ಹಸುಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿದವು. ರೂಡಿಯೂ ಕೂತ. ಬೆನ್ನಮೇಲೆ ಹೊತ್ತಿದ್ದ ಹಿಟ್ಟಿನ ಮೂಟೆಯನ್ನು ಯಾರೋ ಹೇಳದೆ ಕೇಳದೆ ಇಳಿಸಿಕೊಂಡರೆ ಹೇಗೆ ಮುಗ್ಗರಿಸಿದಂತಾಗುತ್ತದೋ ಹಾಗಾಗಿತ್ತು ಅವನಿಗೆ. ಸ್ವಲ್ಪ ಬೇಜಾರೂ ಆಗಿತ್ತು.

"ಹಂಗಾದ್ರೆ ನನ್ನ ಸೀಳಿಂದ ಏನೂ ಆಗೇ ಇಲ್ವಾ?"

"ಆಗಿದೆ ಬಿಡು. ಸ್ವಲ್ಪ ಆಗಿದೆ," ಎಂದು ಐಲಿ ಅವನ ಮೊಣಕಾಲು ತಟ್ಟಿದಳು. "ನಂದೂ ಸ್ವಲ್ಪ ಇದೆ."

ಆಮೇಲಿನ ವಾರಗಳಲ್ಲಿ ಅವರು ಆ ಗಾಡಿಯನ್ನು ಎಲುಬಿನವರೆಗೆ ಬಿಚ್ಚಿದರು. ಕೊಳೆತ ಒಂದೊಂದು ಮರವನ್ನೂ ಹೊಸ ಹಲಗೆಯ ಮೇಲಿಟ್ಟು ಗೆರೆ ಎಳೆಯುವುದು, ಗೆರೆಯ ಮೇಲೆ ಕೊಯ್ಯುವುದು. ರೂಡಿ ಹೊರಗಿನಿಂದ ಮೊಳೆ ಹೊಡೆದರೆ ಒಳಗೆ ಯಾರಾದರೂ ಭಾರದ ಕಬ್ಬಿಣ ಒತ್ತಿ ಹಿಡಿಯಲೇಬೇಕು, ಇಲ್ಲದಿದ್ದರೆ ಮರ ಹಾರಿಬಿಡುತ್ತದೆ. ಐಲಿ ಒಳಗಿರುತ್ತಿದ್ದಳು. ಅವರು ಜಗಳವಾಡಲಿಲ್ಲವೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಕೊಯ್ದ ಮರ ಗಿಡ್ಡವಾದಾಗ ಆಡಿದರು, ಅಳತೆಪಟ್ಟಿ ಕಳೆದಾಗ ಆಡಿದರು, ಅದು ರೂಡಿಯ ಜೇಬಿನಲ್ಲೇ ಸಿಕ್ಕಾಗ ಇನ್ನೂ ಜೋರಾಗಿ ಆಡಿದರು. ಅವರ ಜಗಳಕ್ಕೆ ಮರದ ಮೇಲಿನ ಅಳಿಲುಗಳು ಎರಡು ಪಕ್ಷವಾಗಿದ್ದವು. ಆದರೆ ಅದು ಅಳತೆಪಟ್ಟಿಯ ಜಗಳ. ಊಟದ ಹೊತ್ತಿಗೆ ಮುಗಿಯುತ್ತಿತ್ತು.

ಹಬ್ಬದ ದಿನ ಸೈಮಾ ಹೇಳಿದ ಮಾತಿನಂತೆ ಬಂದಳು. ತಂಗಿಯ ಬಟ್ಟೆಬರೆಗೆಂದು ಹಿಂದಿನ ಸೀಟನ್ನು ಖಾಲಿ ಮಾಡಿಕೊಂಡು ಬಂದಿದ್ದಳು. ಕಾರಿನಿಂದ ಇಳಿದವಳು ಹಿತ್ತಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಎರಡು ಚಕ್ರದ ಮೇಲೆ ಬಿಳಿಯ ಹೊಸ ಮರದ ಪಕ್ಕೆಲುಬುಗಳು, ನಡುವೆ ಒಂದು ಮೇಜು, ಒಂದು ಬೆಂಚು. ಚಾವಣಿಯಿಲ್ಲ, ಗೋಡೆಯಿಲ್ಲ. ಎಲ್ಲವೂ ಸರಿಯಾಗಿ ಅಳತೆಗೆ ಕೂರುತ್ತದೋ ಇಲ್ಲವೋ ನೋಡಲೆಂದು ಹಿಂದಿನ ದಿನವಷ್ಟೇ ಬಾಗಿಲನ್ನು ಚೌಕಟ್ಟಿಗೆ ಕೂರಿಸಿದ್ದರು.

"ಏನೇ ಇದು? ಕೋಳಿಗೂಡಿಗೂ ಇದಕ್ಕಿಂತ ಜಾಸ್ತಿ ಮರ್ಯಾದೆ ಇರುತ್ತೆ," ಎಂದಳು ಸೈಮಾ.

"ನಿಂಗೆ ಕಣ್ಣು ಮಂದ ಆಗಿದೆ ಅತ್ತಿಗೆ," ಎಂದ ರೂಡಿ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ. "ಇಡೀ ಅಮೆರಿಕದಲ್ಲಿ ಇಷ್ಟು ಗಾಳಿಬೆಳಕು ಇರೋ ಗಾಡಿ ಇನ್ನೊಂದು ತೋರ್ಸು ನೋಡೋಣ."

"ಇವನ ಬಾಯಿ ಮಾತ್ರ ಕೊಳೆತಿಲ್ಲ." ಸೈಮಾ ತಂಗಿಯ ಕಡೆ ತಿರುಗಿದಳು. "ಎಲ್ಲೇ ನಿನ್ನ ಪೆಟ್ಟಿಗೆ? ಬೆಳಕಿರೋವಾಗ್ಲೇ ಹೊರಡೋಣ. ಜಿಂಕೆ ಅಡ್ಡ ಬರ್ತಾವೆ."

ರೂಡಿಯ ಸುತ್ತಿಗೆ ನಿಂತಿತು. ಅವನು ಮರದ ಮೇಲಿನ ಒಂದು ಗಂಟನ್ನು ಹೆಬ್ಬೆರಳಿನಿಂದ ಉಜ್ಜುತ್ತ, ಅದನ್ನು ಉಜ್ಜುವುದಕ್ಕೇ ಹುಟ್ಟಿದವನಂತೆ ಉಜ್ಜುತ್ತ ನಿಂತ.

"ಪೆಟ್ಟಿಗೆ ಕಟ್ಟಿಲ್ಲ ಅಕ್ಕ," ಎಂದಳು ಐಲಿ.

"ಯಾಕೆ?"

ಐಲಿ ಒಳಗಿನಿಂದ ಕಬ್ಬಿಣದ ತುಂಡನ್ನು ಮರಕ್ಕೆ ಒತ್ತಿದಳು. "ಇವನು ಆ ಕಡೆಯಿಂದ ಹೊಡೀವಾಗ ಈ ಕಡೆ ಯಾರು ಹಿಡೀತಾರೆ?"

ಸೈಮಾ ತಂಗಿಯ ಮುಖವನ್ನೂ ಅವಳು ಒತ್ತಿ ಹಿಡಿದ ಕಬ್ಬಿಣವನ್ನೂ ನೋಡಿದಳು. ಆಮೇಲೆ ಕೈಚೀಲವನ್ನು ಹುಲ್ಲಿನ ಮೇಲಿಟ್ಟು, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, "ಯಾವ ತುದಿ ಹಿಡೀಬೇಕು ಹೇಳು. ಬೇಗ ಹೇಳು, ನಂಗೆ ವಯಸ್ಸಾಗ್ತಿದೆ," ಎಂದಳು.

ರೂಡಿ ಹೊಡೆದ ಮುಂದಿನ ಏಟಿಗೆ ಮೊಳೆ ಒಂದೇ ಸಲಕ್ಕೆ ತಲೆಯವರೆಗೆ ಹೋಯಿತು. ಆ ಸದ್ದು ಕೆನಡಾಕ್ಕೆ ಕೇಳಿಸಿರಬೇಕು.

ಸಂಜೆ, ಹಬ್ಬದ ಬೆಂಕಿ ಹಾಕಲು ಇನ್ನೂ ಸಮಯವಿದ್ದಾಗ, ಮೂವರೂ ಆ ಎಲುಬುಗೂಡಿನೊಳಗೆ ಮೇಜಿನ ಸುತ್ತ ಕೂತು ಕಾಫಿ ಕುಡಿದರು, ಹೊಗೆಯಲ್ಲಿ ಹದಮಾಡಿದ ಮೀನು ತಿಂದರು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಮಾತಿನ ನಡುವೆಯೇ ರೂಡಿ ಬೆಂಚಿನ ಮೇಲೆ ತಲೆ ವಾಲಿಸಿ ನಿದ್ದೆಹೋದ. ಐಲಿ ಖಾಲಿ ಲೋಟಗಳನ್ನು ಸದ್ದಾಗದಂತೆ ಒಂದರೊಳಗೊಂದು ಇಟ್ಟುಕೊಂಡು ಎದ್ದಳು. ಗೋಡೆಯಿಲ್ಲದ ಗಾಡಿ, ಎಡಕ್ಕೆ ಕಾಲಿಟ್ಟರೆ ಹುಲ್ಲು, ಬಲಕ್ಕೆ ಕಾಲಿಟ್ಟರೆ ಹುಲ್ಲು. ಅವಳು ಮೇಜನ್ನು ಬಳಸಿ ಬಾಗಿಲವರೆಗೆ ಹೋಗಿ, ಚಿಲಕ ತೆಗೆದು, ಮೆಟ್ಟಿಲಿಳಿದು, ಹಿಂದಿರುಗಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.